ಅಕ್ಕನ ಹಳದಿ ಹೂ

ಇಸ್ತ್ರಿ ಅಂಗಡಿಯವರನ್ನು ನಾನು ಮೊದಲು ಕಂಡದ್ದು ಒಂದು ಕೋಟಿನ ನೆಪದಲ್ಲಿ. ನನ್ನ ನಿವೃತ್ತಿಯ ಸಮಾರಂಭಕ್ಕೆಂದು ಹೊಲಿಸಿದ್ದ ಕೋಟನ್ನು ಇಸ್ತ್ರಿಗೆ ಕೊಡಲು ಹೋಗಿದ್ದೆ. ಅಂಗಡಿಯೊಳಗೆ ಹಬೆಯೋ ಹಬೆ. ಕಿಟಕಿಯ ಸರಳುಗಳಿಗೆ ಮರದ ತೊಗಟೆಯ ತುಂಡುಗಳನ್ನು ತೂಗುಹಾಕಿದ್ದರು. ಒಂದೊಂದರ ಮೇಲೂ ಹಸಿರು ದಾರ ಸಿಕ್ಕಾದಂತೆ ಏನೋ ಅಂಟಿಕೊಂಡಿತ್ತು.

"ಇದೇನು, ಹರಿದ ಸ್ವೆಟರ್ ಒಣಗಹಾಕಿದ್ದೀರಾ?" ಎಂದೆ.

"ಗಿಡ, ಮೇಷ್ಟ್ರೇ, ಆರ್ಕಿಡ್ಡು! ಎಲೆ ಬಿಡೋಲ್ಲ, ಬರೀ ಬೇರು. ಆ ಹಸಿರು ಬೇರೇ ಇದಕ್ಕೆ ಅನ್ನ ಬೇಯಿಸಿ ಹಾಕೋದು. ನಮ್ಮ ಹಬೆ ಅಂದ್ರೆ ಇದಕ್ಕೆ ಪ್ರಾಣ."

ಈ ಹುಚ್ಚು ಹಿಡಿಸಿದವರು ಅವರ ಅಕ್ಕ, ನಮ್ಮ ಪಕ್ಕದ ಮನೆಯವರು. ಆಕೆಯ ಬಳಿ ಇದ್ದುದು ಒಂದೇ ಗಿಡ. ತೀರಿಹೋದ ಗಂಡ ಮುರಿದುಬಿದ್ದ ಕೊಂಬೆಯೊಂದರಿಂದ ಜೋಪಾನವಾಗಿ ತಂದದ್ದು. ಹಳದಿ ಹೂ ಬಿಡುತ್ತಿತ್ತು. ಮಗಳ ಹೆರಿಗೆಗೆಂದು ಹೊರಟಾಗ ಅದನ್ನು ತಮ್ಮನ ಕೈಗೆ ಒಪ್ಪಿಸಿ ಹೋದರು.

ಇವರ ಅಕ್ಕರೆ ಅತಿಯಾಯಿತು. ಅಂಗಡಿಗೆ ರಜೆಯಿದ್ದಾಗ ಹಬೆಯಿಲ್ಲದೆ ಒಣಗೀತೆಂದು ಬೇರುಗಳಿಗೆ ಒದ್ದೆ ನಾರು ಸುತ್ತಿಟ್ಟರು. ಗಾಳಿ ಬೇಡುವ ಬೇರು ಅದು. ಬಿಚ್ಚಿದಾಗ ಕೊಳೆತು ಕೈಗೆ ಅಂಟಿತು. ಹೂವಿಲ್ಲದಾಗ ಈ ಗಿಡಗಳೆಲ್ಲ ನೋಡಲು ಒಂದೇ ತರಹ. ಅಕ್ಕ ಮರಳಿದಾಗ ಅಂತಹದೇ ತೊಗಟೆಯ ಮೇಲಿದ್ದ ತಮ್ಮದೊಂದನ್ನು ಕೊಟ್ಟುಬಿಟ್ಟರು. ನಿಜ ಹೇಳಲು ಬಾಯಿ ತೆರೆದಿದ್ದರಂತೆ. ಅಷ್ಟರಲ್ಲಿ ಅಕ್ಕ, "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯೋ" ಎಂದು ತಲೆ ಸವರಿದರು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ.

ಆಕೆ ಬೆಳಿಗ್ಗೆ ನೀರು ಚಿಮುಕಿಸುತ್ತ, ಗಂಡನೇ ಎದುರಿಗಿದ್ದಂತೆ ಆ ಗಿಡದೊಡನೆ ಮಾತಾಡುತ್ತಿದ್ದುದು ನಮ್ಮ ಮನೆಗೂ ಕೇಳಿಸುತ್ತಿತ್ತು. ಮೊಗ್ಗು ಬಂದಾಗ ಹಿಗ್ಗೋ ಹಿಗ್ಗು. "ನಮ್ಮೋರ ಹೂ ನೋಡೋಕೆ ಬನ್ನಿ" ಎಂದು ನಮ್ಮನ್ನೂ ತಮ್ಮನನ್ನೂ ಕರೆದರು.

ಅರಳಿದ್ದು ಬಿಳಿ ಹೂ, ಮೈಮೇಲೆಲ್ಲ ಕೆಂಪು ಚುಕ್ಕಿ.

ಆಕೆ ಹೂವನ್ನು ನೋಡಿದರು, ತಮ್ಮನನ್ನು ನೋಡಿದರು. ಅವರು ತಲೆ ಎತ್ತಲಿಲ್ಲ.

"ಅದು ಯಾವಾಗ ಹೋಯ್ತೋ?"

"ನೀನು ಹೋದ ವಾರಾನೇ, ಅಕ್ಕಾ."

"ಗಿಡ ಅಂದ್ಮೇಲೆ ಸಾಯುತ್ತೆ, ಅದಕ್ಕೇನೂ ಅನ್ನಲ್ಲ. ಇಷ್ಟು ದಿನ ಯಾವುದೋ ಗಿಡದ ಹತ್ರ ನಾನು ಮಾತಾಡೋ ಹಾಗೆ ಮಾಡಿದೆಯಲ್ಲೋ!"

ನಾವು ಕಾಫಿ ಲೋಟಗಳನ್ನು ಅರ್ಧಕ್ಕೇ ಇಟ್ಟು ಎದ್ದೆವು.

ಅಕ್ಕನ ಸಿಟ್ಟು ಬೇಗನೆ ಇಳಿಯಿತು. ಬಿಳಿ ಹೂವಿನ ಗಿಡಕ್ಕೂ ನೀರು ಹಾಕುತ್ತಾರೆ. ಮಾತು ಮಾತ್ರ ಇಲ್ಲ. ತಮ್ಮನ ನಾಚಿಕೆ ಇಳಿದಿಲ್ಲ. ಅಂಗಡಿಯ ಕಿಟಕಿಯಲ್ಲಿ ಗಿಡಗಳಿನ್ನೂ ಇವೆ. ಯಾರಾದರೂ ನಾಲ್ಕು ದಿನ ನೋಡಿಕೊಳ್ಳಿ ಎಂದು ಗಿಡ ತಂದರೆ ಮುಟ್ಟುವುದೇ ಇಲ್ಲ. ಭಾನುವಾರ ಅಕ್ಕನ ಬಟ್ಟೆಗಳನ್ನು ತಾವೇ ಇಸ್ತ್ರಿ ಮಾಡಿ ತರುತ್ತಾರೆ.

"ಒಳಗೆ ಬಾರೋ, ಎಷ್ಟು ಸಲ ಕರೀಬೇಕು ನಿನ್ನ?"

"ಅಂಗಡಿ ತೆರೆದಿಟ್ಟು ಬಂದಿದ್ದೀನಿ ಅಕ್ಕಾ" ಎಂದು ಬಾಗಿಲಲ್ಲೇ ಗಂಟು ಕೊಟ್ಟು ಹೊರಟುಬಿಡುತ್ತಾರೆ. ಭಾನುವಾರ ಅಂಗಡಿ ತೆರೆಯುವುದಿಲ್ಲವೆಂದು ಅಕ್ಕನಿಗೂ ಗೊತ್ತು.