ಹಡಗಿನ ಪಿಯಾನೋದವರು

ಯೋಕೋಹಾಮಾದಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಅವರು ಸಂಜೆ ಹೊತ್ತು ಪಿಯಾನೋ ನುಡಿಸುತ್ತಿದ್ದರು. ಕೂರುವ ಮೊದಲು ಅದರ ಕಪ್ಪು-ಬಿಳಿ ಮನೆಗಳನ್ನು ಕರವಸ್ತ್ರದಿಂದ ಒರೆಸಿ, ಕಿಟಕಿಯಾಚೆಯ ಸಮುದ್ರವನ್ನೊಮ್ಮೆ ನೋಡುತ್ತಿದ್ದರು. ಯಾರು ಬಂದು ಕೂತರೂ ತಲೆಬಾಗಿ, "ಗೊಯುಕ್ಕುರಿ" ಅನ್ನುತ್ತಿದ್ದರು. ನಿಧಾನವಾಗಿ, ಆರಾಮಾಗಿ ಕೂತಿರಿ ಎಂದರ್ಥ. ತೊಟ್ಟಿಲಿನ ಮಗುವಿಗೆ ಎಲ್ಲಿ ಎಚ್ಚರವಾದೀತೋ ಅನ್ನುವ ಹಾಗೆ ಅವರ ಬೆರಳುಗಳು ಓಡಾಡುತ್ತಿದ್ದವು.

ನಾವು ಮೊದಲ ಸಲ ಹೋದಾಗ ಅವರ ಮುಂದೆ ಕೂರಲು ಜಾಗವೇ ಸಿಕ್ಕಿರಲಿಲ್ಲ. ಎರಡನೇ ಸಲ ಹೋಗುವಷ್ಟರಲ್ಲಿ ಮೇಲಿನ ಡೆಕ್ಕಿಗೆ ಗೋಡೆಯಗಲದ ಪರದೆ, ಬಣ್ಣದ ಬೆಳಕು, ನೆಲ ನಡುಗಿಸುವ ಹಾಡು ಬಂದಿದ್ದವು. ಆ ಪ್ರವಾಸದ ಕಡೆಯ ಸಂಜೆ ಎಲ್ಲರೂ ಅಲ್ಲಿಗೇ ಹತ್ತಿಹೋದರು. ಕೆಳಗೆ ಅವರ ಮುಂದೆ ಉಳಿದವಳು ನಾನೊಬ್ಬಳೇ. ಹೊರಗೆ ಕಡಲು ಕುಂಕುಮ ಕದಡಿದ ಹಾಗಿತ್ತು.

ನಮ್ಮ ಯಜಮಾನರು ಕರೆಯಲು ಬಂದರು. "ಏಳೇ, ಲೇಸರ್ ಶೋ ಸ್ಟಾರ್ಟ್ ಆಗೋಯ್ತು. ಇಲ್ಲೇನು ತಪಸ್ಸಿಗೆ ಕೂತಿದ್ದೀಯಾ?"

"ನಾನೂ ಎದ್ದುಬಿಟ್ರೆ, ಪಾಪ, ಅವರು ಬರೀ ಕುರ್ಚಿಗಳಿಗೆ ನುಡಿಸಬೇಕಾಗುತ್ತೆ ಕಣ್ರೀ. ನೀವು ಹೋಗಿ."

ಅಷ್ಟರಲ್ಲಿ ಅವರು ಕೈ ನಿಲ್ಲಿಸಿ, ಇವರತ್ತ ತಲೆಬಾಗಿ, "ಗೊಯುಕ್ಕುರಿ" ಅಂದರು. ಇವರೋ ಜಪಾನಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. ಬಾಗಿದ ತಲೆಗೆ ಬೆನ್ನು ತಿರುಗಿಸಿ ಹೋಗಲು ಆಗಲಿಲ್ಲ. ತಾವೂ ಬಾಗಿ, ನನ್ನ ಪಕ್ಕ ಕೂತುಬಿಟ್ಟರು. ಒಂದು ಕುರ್ಚಿ ನಾನು ತುಂಬಿದ್ದೆ, ಇನ್ನೊಂದನ್ನು ಭಗವಂತ ತುಂಬಿಸಿಕೊಟ್ಟ.

ಅವರು ಅರ್ಧಕ್ಕೆ ನಿಂತ ಹಾಡನ್ನು ಮುಂದುವರಿಸಲಿಲ್ಲ. ತಡವಾಗಿ ಬಂದವರಿಗೂ ಪೂರ್ತಿ ಸಿಗಲೆಂದು ಮತ್ತೆ ಮೊದಲಿನಿಂದ ಶುರು ಮಾಡಿದರು.