ಮುದ್ದೆಯ ಶ್ರಾವಣ

ನಾನು ಮೊದಲ ಸಲ ಹಾವು ಮುಟ್ಟಿದ್ದು ನಿವೃತ್ತನಾದ ಮೇಲೆ. ಕೆಲವರು ನಿವೃತ್ತಿಯ ನಂತರ ಕಾಶಿಗೆ ಹೋಗುತ್ತಾರೆ, ಕೆಲವರು ಸೈಟು ವ್ಯವಹಾರಕ್ಕೆ ಇಳಿಯುತ್ತಾರೆ. ನಾನು ಕುಂಬಾರಕೊಪ್ಪಲಿನ ಅಕ್ಕನ ಮನೆಯ ಸೋಫಾದ ಮೇಲೆ ಕೂತು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈಯ ಒಂದೇ ಬೆರಳಿನಿಂದ, ಅದೂ ಕಣ್ಣು ಮುಚ್ಚಿಕೊಂಡು, ಹೆಬ್ಬಾವೊಂದರ ಬೆನ್ನು ಮುಟ್ಟಿದೆ. ಲೋಳೆಲೋಳೆಯಾಗಿರುತ್ತದೆ ಅಂದುಕೊಂಡಿದ್ದೆ. ಅದು ಒಣಗಿತ್ತು, ತಂಪಗಿತ್ತು. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ರೆಡ್ ಆಕ್ಸೈಡ್ ನೆಲ ತುಳಿದ ಹಾಗಿತ್ತು. ಕಣ್ಣು ಬಿಟ್ಟರೆ ಅದು ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ಹಾವಿಗೆ ರೆಪ್ಪೆಯಿಲ್ಲ, ಹಾಗಾಗಿ ಅದು ಎಲ್ಲರನ್ನೂ ಹಾಗೆಯೇ ನೋಡುತ್ತದೆ ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಮಾತ್ರ ನನ್ನಲ್ಲಿ ಏನೋ ವಿಶೇಷ ಕಂಡಿರಬೇಕು ಎಂದು ಹೆಮ್ಮೆಪಟ್ಟಿದ್ದೆ.

ಹೆಬ್ಬಾವು ಎಂದ ಕೂಡಲೇ ಕುರಿ ನುಂಗುವ ಚಿತ್ರ ಕಣ್ಣಮುಂದೆ ತಂದುಕೊಳ್ಳಬೇಡಿ. ಇದು ಆಫ್ರಿಕಾ ಮೂಲದ ಪುಟ್ಟ ಜಾತಿ. ವಿಷವಿಲ್ಲ, ದೊಡ್ಡವರ ತೋಳುದ್ದಕ್ಕಿಂತ ಸ್ವಲ್ಪ ಉದ್ದ, ಅಷ್ಟೆ. ಹೆದರಿದರೆ ಕಚ್ಚಲು ಬರುವುದಿಲ್ಲ. ತಲೆಯನ್ನು ಒಳಗಿಟ್ಟುಕೊಂಡು ಮೈಯೆಲ್ಲ ಸುತ್ತಿ ಉಂಡೆಯಾಗಿಬಿಡುತ್ತದೆ. ಆ ಕಾರಣಕ್ಕೇ ಇಂಗ್ಲಿಷಿನವರು ಇದನ್ನು ಬಾಲ್ ಪೈತಾನ್ ಎನ್ನುತ್ತಾರೆ. ಸಾಕಿದವಳು ನನ್ನ ಅಕ್ಕನ ಮಗಳು ಮಾನಸ. ಬಣ್ಣ ಕಂದು, ಆಕಾರ ಗುಂಡು, ಮನೆ ಒಕ್ಕಲಿಗರದು. ಹೆಸರು ಹುಡುಕಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಮುದ್ದೆ ಎಂದು ಕರೆದಳು.

ಈ ಹುಚ್ಚು ನಮ್ಮ ಮೈಸೂರಿಗೆ ಯಾವ ದಾರಿಯಿಂದ ಬಂತು ಎಂದು ನಾನು ತುಂಬಾ ಯೋಚಿಸಿದ್ದೇನೆ. ನಿವೃತ್ತನಿಗೆ ಯೋಚನೆಗೆ ಬರವಿಲ್ಲ. ನಾನು ಚಿಕ್ಕವನಿದ್ದಾಗ ಚಾಮರಾಜಪುರಂನ ಮನೆಗಳಲ್ಲಿ ಒಂದೋ ಹಸು, ಇಲ್ಲವೇ ತಾನಾಗಿ ಬಂದು ಸೇರಿಕೊಂಡ ಬೆಕ್ಕು. ಆಮೇಲೆ ಗಾಜಿನ ಬುರುಡೆಯಲ್ಲಿ ಬಣ್ಣದ ಮೀನು ಬಂತು, ಪಂಜರದಲ್ಲಿ ಲವ್ ಬರ್ಡ್ಸ್ ಬಂತು, ಯಜಮಾನನಿಗಿಂತ ಚೆನ್ನಾಗಿ ಉಣ್ಣುವ ಲ್ಯಾಬ್ರಡಾರ್ ಬಂತು. ಈಗ ಸಾಕುಪ್ರಾಣಿ ಅಂಗಡಿಗೆ ಹೋದರೆ ಹಿಂದಿನ ಕೋಣೆಯಲ್ಲಿ ಬೆಚ್ಚನೆಯ ದೀಪದಡಿ ಗಡ್ಡವಿರುವ ಓತಿ, ಚುಕ್ಕೆಚುಕ್ಕೆಯ ಹಲ್ಲಿ, ಹಸಿರು ಇಗ್ವಾನಾ. ಹಾವಿನಲ್ಲೇ ಎಷ್ಟು ಬಣ್ಣ ಅಂತೀರಿ! ಅಂಗಡಿಯವನು ಒಂದೊಂದೇ ಡಬ್ಬಿ ತೆರೆದು, "ಸಾರ್, ಇದು ಬನಾನಾ, ಇದು ಪ್ಯಾಸ್ಟೆಲ್, ಈ ವರ್ಷ ಓಡ್ತಿರೋದು ಇದೇ" ಎಂದು ತೋರಿಸುವ ಧಾಟಿ ನೋಡಿದರೆ, ಮದುವೆ ಸೀರೆಗೆ ಬಂದವರ ಮುಂದೆ ರೇಷ್ಮೆ ಹರಡುವವನ ನೆನಪಾಗುತ್ತದೆ. ಅಂಚು ಬೇರೆ, ಒಡಲು ಬೇರೆ, ಕಾಂಟ್ರಾಸ್ಟ್ ಬೇಕಾದರೆ ಅದೂ ಇದೆ.

ಮೊದಮೊದಲು ಇದೆಲ್ಲ ಗೋಕುಲಂನ ಯೋಗದ ವಿದೇಶಿಯರ ಕಿತಾಪತಿ ಅಂದುಕೊಂಡಿದ್ದೆ. ಮೈಸೂರಿನಲ್ಲಿ ಅರ್ಥವಾಗದ್ದು ಏನು ನಡೆದರೂ ಗೋಕುಲಂ ಮೇಲೆ ಹಾಕುವುದು ನಮಗೆ ಅಭ್ಯಾಸ. ಮಾನಸ ಅಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಆಸನ ಹಾಕಲು ಹೋಗಿ ಬೆನ್ನು ಹಿಡಿಸಿಕೊಂಡವರನ್ನು ನೆಟ್ಟಗೆ ಮಾಡುವುದು ಅವಳ ಕೆಲಸ. ಅವಳು ನಕ್ಕು, "ಇಲ್ಲ ಮಾವ, ಅವರು ಹಾವಿನ ಹಾಗೆ ಮಲಗ್ತಾರೆ ಅಷ್ಟೇ. ಸಾಕ್ತಿರೋದು ನಮ್ಮೋರೇ" ಎಂದಳು. ಕಾರಣ ಸರಳ. ಬಾಡಿಗೆ ಮನೆಯವರು ನಾಯಿ ಬೇಡ ಅನ್ನುತ್ತಾರೆ. ಹಾವು ಬೊಗಳುವುದಿಲ್ಲ, ವಾಕಿಂಗಿಗೆ ಕರೆದುಕೊಂಡು ಹೋಗು ಅನ್ನುವುದಿಲ್ಲ, ಒಂದು ಸಲ ತಿಂದರೆ ವಾರಗಟ್ಟಲೆ ಊಟದ ಮಾತೆತ್ತುವುದಿಲ್ಲ. ನಮ್ಮ ನಾಡಿನ ಹಾವನ್ನಾಗಲಿ, ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿಟ್ಟುಕೊಂಡರೆ ಅಪರಾಧ. ಹೊರದೇಶದ್ದಕ್ಕೆ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಮಾನಸ ಅದನ್ನೂ ಚಾಚೂ ತಪ್ಪದೆ ಮಾಡಿಸಿದ್ದಳು.

ಈ ವ್ಯಾಪಾರದಲ್ಲಿ ಇನ್ನೊಂದು ವಿಚಿತ್ರವಿದೆ. ಮದುವೆ ಸುಗ್ಗಿ ಬಂತೆಂದರೆ ಮಾಲೀಕರು ಬದಲಾಗುವ ಹಾವುಗಳು ಹೆಚ್ಚಂತೆ. ಮುದ್ದೆಯೂ ಹಾಗೆ ಬಂದದ್ದೇ. ಮಾನಸಳ ಗೆಳತಿಯೊಬ್ಬಳ ಸಂಬಂಧ ಕುದುರಿತು, ಅತ್ತೆ ಮನೆಯವರು ಹಾವು ಬೇಡ ಅಂದರು, ಅವಳು ಅಳುತ್ತಾ ತಂದು ಇವಳ ಕೈಗಿತ್ತು ಹೋದಳು. ಮಾನಸ ಅವತ್ತೇ ತೀರ್ಮಾನ ಮಾಡಿದ್ದಳಂತೆ, ಇದು ಇನ್ನೊಂದು ಸಲ ಮನೆ ಬದಲಾಯಿಸಬಾರದು ಎಂದು.

ಅವಳು ಅದನ್ನು ನೋಡಿಕೊಳ್ಳುವ ಪರಿ ಕಂಡರೆ ನನಗೆ ಈಗಲೂ ಬೆರಗು. ಗಾಜಿನ ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಗೆ. ತನಗೆ ಎಲ್ಲಿ ಹಿತವೋ ಅಲ್ಲಿ ಅದು ಹೋಗಲಿ ಅಂತ. ಗಾಳಿಯಲ್ಲಿ ತೇವ ಕಡಿಮೆಯಾದರೆ ಪೊರೆ ಸಲೀಸಾಗಿ ಬಿಡುವುದಿಲ್ಲವೆಂದು ನೀರು ಚಿಮುಕಿಸುತ್ತಾಳೆ. ಪೊರೆ ಬಿಡುವ ಮುಂಚೆ ಅದರ ಕಣ್ಣು ಮಂಜಾಗುತ್ತದೆ. ಆ ದಿನಗಳಲ್ಲಿ ರೂಮಿನಲ್ಲಿ ಯಾರೂ ಜೋರಾಗಿ ಬಾಗಿಲು ಹಾಕುವಂತಿಲ್ಲ. ಪ್ರತಿಯಾಗಿ ಮುದ್ದೆ ಬಾಲ ಆಡಿಸುವುದಿಲ್ಲ, ಕೈ ನೆಕ್ಕುವುದಿಲ್ಲ, ಕರೆದರೆ ಬರುವುದಿಲ್ಲ. ಏನೂ ಕೊಡದ ಜೀವಕ್ಕೆ ಇಷ್ಟು ಮಾಡುವುದಕ್ಕೆ ದೊಡ್ಡ ಮನಸ್ಸು ಬೇಕು. ನಾನಂತೂ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದವರನ್ನು ಮದುವೆಗೆ ಕರೆಯದೆ ಬಿಟ್ಟವನು.

ಅಕ್ಕ ಜಯಮ್ಮನದು ಬೇರೆ ಕಥೆ. ಅವಳು ಹಾವನ್ನು ಹಾವು ಎನ್ನುವವಳೇ ಅಲ್ಲ. ನಮ್ಮ ಕಡೆ ಹೆದರುವವರು ಹೇಳುವ ಹಾಗೆ "ಹುಳ" ಎನ್ನುತ್ತಾಳೆ. "ನಿನ್ನ ಹುಳಾನ ಎಲ್ಲಾದ್ರೂ ಬುಟ್ಟು ಬಾರೇ" ಎನ್ನುವುದು ಅವಳ ಬೆಳಗಿನ ಸುಪ್ರಭಾತ. ಅದಕ್ಕಿಂತ ದೊಡ್ಡ ಜಗಳ ಫ್ರಿಜ್ಜಿನದು. ಮುದ್ದೆಯ ಆಹಾರ ಹೆಪ್ಪುಗಟ್ಟಿಸಿದ ಬಿಳಿ ಇಲಿ. "ಗಣಪನ ವಾಹನಾನ ಐಸ್‌ನಲ್ಲಿ ಇಡ್ತೀಯಲ್ಲೇ" ಎಂದು ಗೋಳಾಡಿ, ಕೊನೆಗೆ ಮಹಡಿಯ ಮೇಲೆ ಹಳೆಯ ಪುಟ್ಟ ಫ್ರಿಜ್ಜೊಂದನ್ನು ಇಲಿಗಳಿಗೇ ಬಿಟ್ಟುಕೊಟ್ಟಿದ್ದಳು. ಅಲ್ಲೂ ಅವಳ ಕಾನೂನು ನಡೆಯುತ್ತಿತ್ತು. ಸೋಮವಾರ, ಶನಿವಾರ ಆ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಆದ್ದರಿಂದ ಮುದ್ದೆಗೂ ಆ ದಿನಗಳಲ್ಲಿ ಇಲಿ ಇಲ್ಲ.

ಹೀಗಿರುವಾಗ ಮಾನಸಳಿಗೂ ಗಂಡು ಗೊತ್ತಾಯಿತು. ಹುಡುಗ ಕಿರಣ, ಬೈಕಿನ ಬಿಡಿಭಾಗಗಳ ಅಂಗಡಿ. ಭುಜದ ನೋವೆಂದು ಇವಳ ಕ್ಲಿನಿಕ್ಕಿಗೆ ಬಂದವನು, ನೋವು ಹೋದ ಮೇಲೂ ಬರುತ್ತಲೇ ಇದ್ದ. ಇಬ್ಬರಿಗೂ ಇಷ್ಟ. ಇವಳ ಜಾತಕದಲ್ಲಿ ಸರ್ಪದೋಷವಿದೆ ಎಂದು ಯಾರೋ ಜೋಯಿಸರು ಗೊಣಗಿದಾಗ, "ಸರ್ಪಕ್ಕೆ ಇವಳಷ್ಟು ಸೇವೆ ಮಾಡಿದವರನ್ನು ತೋರಿಸಿ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಆದರೆ ಕಿರಣನ ತಾಯಿ ಪುಟ್ಟಮ್ಮನವರು ಒಂದೇ ಮಾತು ಹೇಳಿ ಕಳಿಸಿದರು: ಹುಡುಗಿ ಬರಲಿ, ಹಾವು ಬೇಡ. ಇವಳೂ ಒಂದೇ ಮಾತು ಹೇಳಿದಳು: ಮುದ್ದೆಗೆ ಜಾಗವಿಲ್ಲದ ಮನೆಯಲ್ಲಿ ತನಗೂ ಇಲ್ಲ. ಆಷಾಢವೆಂದು ಮಾತುಕತೆ ನಿಂತಿತು. ಶ್ರಾವಣದಲ್ಲಿ ಅವರು ಬಂದು ಕೂತು ಇತ್ಯರ್ಥ ಮಾಡುವುದೆಂದಾಯಿತು. ಇಷ್ಟಪಟ್ಟ ಹುಡುಗನೋ, ಮಾತು ಕೊಟ್ಟ ಹಾವೋ ಎಂಬ ತಕ್ಕಡಿಯಲ್ಲಿ ಹುಡುಗಿ ಒಳಗೊಳಗೇ ಸೊರಗತೊಡಗಿದಳು. ನಾನು ಸೋದರಮಾವ, ಎರಡೂ ಕಡೆ ಸಮಾಧಾನ ಹೇಳಿ ಎರಡೂ ಕಡೆ ಬೈಸಿಕೊಂಡೆ.

ಶ್ರಾವಣ ಬಂತು. ಅಕ್ಕನ ಮನೆಯಲ್ಲಿ ಆ ತಿಂಗಳು ಪೂರ್ತಿ ಮಾಂಸ ಮುಟ್ಟುವುದಿಲ್ಲ. ಮೊದಲ ದಿನವೇ ಅಕ್ಕ ಮನೆಯೆಲ್ಲ ತೊಳೆದು, ಅದೇ ಹುರುಪಿನಲ್ಲಿ ಮಹಡಿಯ ಫ್ರಿಜ್ಜನ್ನೂ ತೊಳೆದು, ಇಲಿಗಳನ್ನೆಲ್ಲ ಹಿತ್ತಲಲ್ಲಿ ಹೂತುಬಿಟ್ಟಳು. ತಾಯಿ ಮಗಳ ಮಧ್ಯೆ ಮಹಾಯುದ್ಧವೇ ಆಯಿತು. "ನಿನ್ನ ವ್ರತಕ್ಕೆ ಅದನ್ನ ಯಾಕೆ ಉಪವಾಸ ಕೆಡವ್ತೀಯ?" ಎಂದು ಮಗಳು ಕೂಗಾಡಿ, ಬೇರೆ ಇಲಿ ತರಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ಮುದ್ದೆಯ ಮುಂದೆ ಆಡಿಸಿದಳು.

ಮುದ್ದೆ ಮೂಸಿತು. ಮುಖ ತಿರುಗಿಸಿತು. ಹೋಗಿ ಸುತ್ತಿಕೊಂಡು ಮಲಗಿತು.

ಮುಂದಿನ ವಾರವೂ ಅಷ್ಟೆ. ಅದರ ಮುಂದಿನ ವಾರವೂ ಅಷ್ಟೆ. ಮಾನಸ ಗಾಬರಿಯಿಂದ ಡಾಕ್ಟರ ಹತ್ತಿರ ಓಡಿದಳು. ಅವರು ಪರೀಕ್ಷೆ ಮಾಡಿ, ತೂಕ ಇಳಿದಿಲ್ಲ, ಈ ಜಾತಿಯ ಹಾವುಗಳು ಹವೆ ಬದಲಾದರೆ ತಿಂಗಳುಗಟ್ಟಲೆ ಊಟ ಬಿಡುವುದುಂಟು, ತಾನಾಗಿ ತಿನ್ನುತ್ತದೆ, ಬಲವಂತ ಬೇಡ ಎಂದು ಕಳಿಸಿದರು. ಇದನ್ನೆಲ್ಲ ಅಕ್ಕ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ನೋಡ್ದೇನೋ, ಮುದ್ದೆ ಶ್ರಾವಣ ಹಿಡಿದದೆ" ಎಂದಳು. ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

ನಾನು ಓದಿದವನ ಗತ್ತಿನಲ್ಲಿ ಹವೆ, ಉಷ್ಣತೆ, ಶೀತರಕ್ತ ಎಂದೆಲ್ಲ ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಿಂಗೆ ಡಾಕ್ಟ್ರು ಹೇಳಿದ್ರು, ಸರಿ. ಅದುಕ್ಕೆ ಯಾರೋ ಹೇಳಿದ್ದು, ಇದು ಶ್ರಾವಣ ಅಂತ?"

ಅಂದಿನಿಂದ ಅಕ್ಕ ಆ ರೂಮಿಗೆ ಹೋಗಿಬರತೊಡಗಿದಳು. ಮೊದಲು ಹೊಸಿಲಲ್ಲಿ ನಿಂತಳು, ಆಮೇಲೆ ಸ್ಟೂಲು ಹಾಕಿಕೊಂಡಳು. ಮಾನಸ ಕ್ಲಿನಿಕ್ಕಿಗೆ ಹೋದ ಮೇಲೆ ನೀರಿನ ಬಟ್ಟಲು ತೊಳೆದು ತುಂಬಿಸುವುದು ಅವಳ ಕೆಲಸವಾಯಿತು. ಒಂದು ಮಧ್ಯಾಹ್ನ ನಾನು ಹೋದಾಗ ಸೊಪ್ಪು ಬಿಡಿಸುತ್ತಾ ಗಾಜಿನ ಪೆಟ್ಟಿಗೆಯ ಮುಂದೆ ಕೂತು, ಓರಗಿತ್ತಿಯ ಮೇಲಿನ ದೂರುಗಳನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದಳು. ಮುದ್ದೆ ರೆಪ್ಪೆ ಬಡಿಯದೆ ಕೇಳುತ್ತಿತ್ತು. ಹಾವಿಗೆ ಕಿವಿಯ ತೂತಿಲ್ಲ ಎಂದು ನೆನಪಿಸಲು ಹೊರಟವನು, ಏಕೋ ಸುಮ್ಮನಾದೆ. ನಾವು ಕಿವಿ ಇರುವವರು ಅವಳ ಮಾತನ್ನು ಯಾವತ್ತು ಅಷ್ಟು ಹೊತ್ತು ಕೂತು ಕೇಳಿದ್ದೇವೆ?

ಕೊನೆಗೆ ಪುಟ್ಟಮ್ಮನವರು ಬಂದರು, ಮಗನನ್ನು ಕರೆದುಕೊಂಡು. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಕೈ ತೊಳೆದು ಬಂದು ಅವರು ನೇರವಾಗಿ ವಿಷಯಕ್ಕೇ ಬಂದರು. "ನಾನು ಹಳ್ಳಿಯೋಳು ಕಣಮ್ಮ. ಹಾವು ಕಂಡ್ರೆ ಕೈ ಮುಗಿದು ದೂರ ಹೋಗೋಳು. ಅದರ ಜೊತೆ ಒಂದೇ ಸೂರಿನಡಿ ಎಂಗೆ ಬಾಳೋದು, ಹೇಳಿ."

ಮಾನಸ ತಲೆ ತಗ್ಗಿಸಿದಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಕ್ಕನೇ ಬಾಯಿ ಬಿಟ್ಟಳು.

"ಅಮ್ಮಾ, ನಾನೂ ಹಂಗೇ ಅಂದ್ಕಂಡಿದ್ದೆ. ನಮ್ಮನೇಲಿ ಈ ಶ್ರಾವಣದಾಗೆ ಬಾಯಿ ಕಟ್ಟಿರೋದು ಅಂದ್ರೆ ನಾನು ಬುಟ್ರೆ ಅದೊಂದೇ. ನಮ್ಮೆಜಮಾನ್ರು ಪೇಟೆಗೋಗಿ ಬಿರಿಯಾನಿ ತಿಂದು ಬಾಳೆಹಣ್ಣು ವಾಸ್ನೆ ಮಾಡ್ಕಂಡು ಬತ್ತಾರೆ. ಇವ್ನು ನನ್ನ ತಮ್ಮ, ಗಾಡಿ ಹತ್ರ ಆಮ್ಲೆಟ್ ತಿನ್ನೋದ ನಾನೇ ಕಣ್ಣಾರೆ ಕಂಡಿವ್ನಿ. ಮುದ್ದೆ ಮಾತ್ರ ಮುಂದಿಟ್ರೂ ಮುಟ್ಲಿಲ್ಲ."

ಮೂಲೆಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದ ಭಾವ ಅದನ್ನು ಇನ್ನಷ್ಟು ಮೇಲೆತ್ತಿದರು. ನನಗೆ ಎತ್ತಲು ಪತ್ರಿಕೆಯೂ ಇರಲಿಲ್ಲ. ಪುಟ್ಟಮ್ಮನವರ ಮುಖ ಮಾತ್ರ ಮೆತ್ತಗಾಯಿತು. ಅವರ ಕೈಗಳು ತಾವಾಗಿ ಕೂಡಿಕೊಂಡವು. ಇನ್ನೇನು, ಸಂಬಂಧ ಗೆದ್ದಿತು ಎಂದು ನಾನು ಒಳಗೇ ಬೀಗಿದೆ.

ಆಗ ಮಾನಸ ತಲೆಯೆತ್ತಿದಳು. "ಅಮ್ಮ ಹೇಳಿದ್ದು ನಿಜ ಅಲ್ಲ ಅತ್ತೆ. ಅಂದ್ರೆ, ಅಮ್ಮ ನಂಬಿರೋದು ನಿಜ. ಆದ್ರೆ ಮುದ್ದೆಗೆ ಶ್ರಾವಣ ಗೊತ್ತಿಲ್ಲ. ಅದರ ಜಾತಿನೇ ಹಂಗೆ, ಆಗಾಗ ಊಟ ಬಿಡ್ತದೆ. ನಾಳೆನೇ ಇಲಿ ತಿಂದ್ರೂ ತಿಂತು. ನೀವು ದೇವರು ಅಂದ್ಕೊಂಡು ಕರ್ಕೊಂಡೋಗಿ, ಆಮೇಲೆ ಬೇಜಾರ್ ಮಾಡ್ಕೊಳೋದು ನಂಗೆ ಬೇಡ. ಅದು ಬರೀ ಹಾವು. ನಾನು ನೋಡ್ಕೋತೀನಿ ಅಂದಿರೋ ಹಾವು."

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೂವತ್ತು ವರ್ಷ ವಿಮೆ ಕಚೇರಿಯಲ್ಲಿ ಕೂತವನು ನಾನು. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ನನ್ನ ರಕ್ತದಲ್ಲಿದೆ. ಆದರೆ ಆ ಗಳಿಗೆಯಲ್ಲಿ ಆ ಹುಡುಗಿಯ ಮೇಲೆ ನನಗಾದ ಅಭಿಮಾನವನ್ನು ಹೇಳದೆ ಇರಲಾರೆ. ಗೆದ್ದ ಆಟವನ್ನು ಅವಳು ತಾನಾಗಿ ಬಿಟ್ಟುಕೊಟ್ಟಿದ್ದಳು, ಎದುರಿಗಿದ್ದವರಿಗೆ ಮೋಸವಾಗಬಾರದೆಂದು. ಕಿರಣ ಅವಳನ್ನೇ ನೋಡುತ್ತಿದ್ದ. ಅವನ ಭುಜ ಮತ್ತೆ ನೋಯತೊಡಗಿದ ಹಾಗೆ ಕಾಣುತ್ತಿತ್ತು.

ಪುಟ್ಟಮ್ಮನವರು ಎದ್ದರು. "ಎಲ್ಲೈತೆ, ತೋರ್ಸವ್ವ" ಎಂದರು. ರೂಮಿನಲ್ಲಿ ಗಾಜಿನ ಪೆಟ್ಟಿಗೆಗೆ ಮಾರು ದೂರದಲ್ಲಿ, ಸೆರಗು ಬಿಗಿಹಿಡಿದು ನಿಂತರು. ಮುದ್ದೆ ಉಂಡೆಯಾಗಿ ಮಲಗಿತ್ತು. "ನಮ್ಮನ್ನ ಕಂಡು ಹೆದ್ರಿಕೊಂಡದಾ?" ಎಂದು ಕೇಳಿದರು. ಹೌದು ಎಂದಳು ಮಾನಸ. ಅವರು ಒಂದು ಹೆಜ್ಜೆ ಹಿಂದೆ ಸರಿದರು, ಅದಕ್ಕೆ ತೊಂದರೆಯಾಗಬಾರದೆಂದು. ಆಮೇಲೆ ಮಾನಸಳ ಕಡೆ ತಿರುಗಿ, "ಒಂದು ಹುಳಕ್ಕೆ ಕೊಟ್ಟ ಮಾತು ಇಷ್ಟು ಕಾಪಾಡೋಳು, ನನ್ ಮಗನ್ನ ನಡುನೀರಲ್ಲಿ ಬುಡಕ್ಕಿಲ್ಲ. ಇಬ್ರೂ ಬನ್ನಿ. ಮಹಡಿ ರೂಮು ಕೊಡ್ತೀನಿ. ನಂಗೆ ಮಾತ್ರ ಮುಟ್ಟು ಅನ್ಬೇಡ" ಎಂದರು.

ಮನೆಯಲ್ಲಿ ನಗು ತುಂಬಿತು. ಭಾವ ಪತ್ರಿಕೆ ಕೆಳಗಿಟ್ಟರು. ತಾಂಬೂಲ ಕೊಡುವ ಹೊತ್ತಿಗೆ ಅಕ್ಕ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ರೂಮಿನಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಜನ ಆಚೆ ಹೋದರೆಂದು ಮುದ್ದೆ ಮೆಲ್ಲಗೆ ಬಿಚ್ಚಿಕೊಂಡು ತಲೆ ಹೊರಗೆ ಹಾಕಿತ್ತು.

"ಮಗಳು ಹೋಗ್ತಾಳೆ ಅಂತ ಅವಳು ಹುಟ್ಟಿದಾಗ್ಲೇ ಗೊತ್ತಿತ್ತು ಕಣೋ" ಎಂದಳು. "ಇದೂ ಹೋಯ್ತದೆ ಅಂತ ಒಬ್ರೂ ಹೇಳ್ಲಿಲ್ವಲ್ಲೋ."

ಕಳೆದುಕೊಂಡವರಿಗೆ ಬದಲಿ ಕೊಡಿಸುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತು. "ಅದಕ್ಯಾಕೆ ಅಳ್ತೀಯಕ್ಕ? ಅಂಗಡೀಲಿ ಇಂಥದ್ದೇ ಸಿಗುತ್ತೆ. ಬಣ್ಣ, ಅಳತೆ ಎಲ್ಲ ಇದರ ಹಾಗೇ ಇರೋದು ನೋಡಿ ಇನ್ನೊಂದು ತರಿಸಿಕೊಡ್ತೀನಿ ಬಿಡು" ಎಂದೆ.

ಅಕ್ಕ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಹಂಗೇ ಮಾನಸನ ಅಳತೇದೂ ಒಂದು ತರಿಸಿಕೊಡು" ಎಂದಳು.