ಏಳು ಹೆಸರು ಕಡಿಮೆ

ನಮ್ಮ ಹೆಡ್ ಗುಮಾಸ್ತರ ಬಲಗೈ ತೋರುಬೆರಳಿನ ಉಗುರು ನೇರಳೆ ಬಣ್ಣದ್ದು. ಸ್ಟಾಂಪ್ ಪ್ಯಾಡಿನ ಶಾಯಿ ಅಲ್ಲೇ ಮನೆ ಮಾಡಿಕೊಂಡಿತ್ತು. ಹಣೆಯ ನಾಮ ಮಧ್ಯಾಹ್ನದ ಬೆವರಿಗೆ ಅಳಿಸಿದರೂ ಉಗುರಿನ ಬಣ್ಣ ಹೋಗುತ್ತಿರಲಿಲ್ಲ. ಆ ಬೆರಳಿನಿಂದಲೇ ಅವರು ಎಲ್ಲವನ್ನೂ ಎಣಿಸುತ್ತಿದ್ದರು: ನಲ್ಲಿಯ ಮುಂದಿನ ಕೊಡ, ಚಹಾದ ಲೋಟ, ಜನರ ಹೆಸರು.

ಎಂಬತ್ತರ ದಶಕದ ಕೊನೆ. ಆದೋನಿಯ ನಮ್ಮ ನೂಲಿನ ಮಿಲ್ಲಿಗೆ ಹೊಸ ಕಂಪ್ಯೂಟರ್ ಬಂತು, ಜೊತೆಗೆ ಬೇರೆಯೇ ಡೇಟಾಬೇಸ್. ಆಫೀಸಿನವರೂ ಸೇರಿ ಎಲ್ಲ ನೌಕರರ ಹೆಸರುಗಳ ಟೇಬಲ್ಲನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಸ್ಕ್ರಿಪ್ಟ್ ಬರೆದವಳು ನಾನು. ಸೋಮವಾರದಿಂದ ಗೇಟಿನಲ್ಲಿ ಹೊಸ ಪಟ್ಟಿ. ಅದರಲ್ಲಿ ಹೆಸರಿಲ್ಲದವರನ್ನು ಒಳಗೆ ಬಿಡಕೂಡದು ಎಂದು ಮ್ಯಾನೇಜರರ ಅಪ್ಪಣೆಯಾಗಿತ್ತು.

ಸ್ಕ್ರಿಪ್ಟ್ ತಕರಾರಿಲ್ಲದೆ ಓಡಿತು. ನಾನು ಬೀಗಿದೆ. ಗುಮಾಸ್ತರು ಕೇಳಿದ್ದು ಒಂದೇ ಮಾತು.

"ಎಷ್ಟು ಹೋದ್ವು, ಎಷ್ಟು ಬಂದ್ವು?"

ಎಣಿಸಿದೆ. ಏಳು ಕಡಿಮೆ.

ಅವರು ಹಳೆಯ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದಿದರು. ಬಿಟ್ಟುಹೋದ ಏಳು ಸಾಲಿನಲ್ಲೂ ತಂದೆಯ ಹೆಸರಿನ ಕಾಲಂ ಖಾಲಿ. ಹೊಸ ಟೇಬಲ್ ಖಾಲಿ ಕಾಲಂ ಒಪ್ಪುತ್ತಿರಲಿಲ್ಲ. ನನ್ನ ಸ್ಕ್ರಿಪ್ಟ್ ಅಂಥವರನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿತ್ತು. ಏಳೂ ಜನ ಬಸವಿಯರ, ಅಂದರೆ ದೇವರಿಗೆ ಬಿಟ್ಟ ಹೆಂಗಸರ ಮಕ್ಕಳು. ಏಳನೆಯ ಹೆಸರು ನನ್ನದೇ. ಆಗ ನಾಚಿಕೆಯೂ ಆಗಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು.

"ಅಲ್ಲೊಂದು ಚುಕ್ಕಿ ಇಡ್ತೀನಿ ಸಾರ್. ತಗೊಳ್ತೈತಿ," ಎಂದೆ.

"ಚುಕ್ಕಿ ಯಾಕಮ್ಮ? ನಿಮ್ಮವ್ವ ಇಲ್ಲೇನು? ಹೊಳಗುಂದದಾಗ ಕೂಲಿ ಮಾಡಿ ನಿನ್ನ ಓದಿಸ್ಯಾಳ. ಆಕಿ ಹೆಸರು ಬರಿ."

"ಕಾಲಂ ತಂದೀದು ಸಾರ್."

"ತಂದಿ ಅಥವಾ ತಾಯಿ ಅಂತ ಮಾಡು. ಮ್ಯಾನೇಜರ್ ಕೇಳಿದ್ರ ನಾ ಹೇಳ್ತೀನಿ, ಪರವಾಲೇದು, ಏನೂ ಆಗಂಗಿಲ್ಲ."

ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆದರು. ನಾವು ಕೆಲಸಕ್ಕೆ ಸೇರಿದ ದಿನವೇ ನಮ್ಮ ಹೆಸರಿನ ಪಕ್ಕ, ಅಂಚಿನಲ್ಲಿ, ತಾಯಂದಿರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಅವರು ಓದಿದರು, ನಾನು ಟೈಪ್ ಮಾಡಿದೆ. ನನ್ನ ತಾಯಿಯ ಹೆಸರಿಗೆ "ಅಮ್ಮ" ಸೇರಿಸಿ ಓದಿದರು. ಊರಿನಲ್ಲಿ ಯಾರೂ ಆಕೆಯನ್ನು ಹಾಗೆ ಕರೆದಿರಲಿಲ್ಲ.

ಸೋಮವಾರ ಏಳೂ ಜನ ಗೇಟು ದಾಟಿದೆವು.

ಮುಂದಿನ ಬೇಸಿಗೆಯಲ್ಲಿ ಗುಮಾಸ್ತರು ತೀರಿಕೊಂಡರು. ಮಿಲ್ಲಿಗೆ ಅರ್ಧ ದಿನ ರಜೆ. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮರುದಿನ ಅವರ ಸಾಲನ್ನು ಪಟ್ಟಿಯಿಂದ ತೆಗೆಯಲು ಹೇಳಿದರು. ತೆಗೆದೆ. ರೂಢಿಯಂತೆ ಎಣಿಸಿದೆ. ಒಂದು ಕಡಿಮೆ ಬಂತು.

ಸರಿಯಾಗಿಯೇ ಇತ್ತು. ಆದರೂ ಇನ್ನೊಮ್ಮೆ ಎಣಿಸಿದೆ.